ಗೆದ್ದಲಿನ ವರ್ಗಾವಣೆ

ಸೋಮವಾರ ಆರ್ಡರ್ ಬಂತು. ಕಾಗದದಲ್ಲಲ್ಲ,
ಫರ್ಹತ್ ಮೇಡಂ ಬಾಯಲ್ಲಿ:
"ದ್ಯಾವೀರಮ್ಮ, ಗೆದ್ದಲಿನ ಸೀಸೆಗಳನ್ನೆಲ್ಲ
ಜಿರಳೆ ಬೀರುವಿಗೆ ಹಾಕಿ."

ಹಾಸನದ ಈ ಕಾಲೇಜಿಗೆ ನಾನು ಸೇರಿದಾಗ
ಗೆದ್ದಲಿಗೆ ಸ್ವಂತ ಬೀರು ಇತ್ತು,
ಬಾಗಿಲ ಮೇಲೆ ಹಿತ್ತಾಳೆ ಪಟ್ಟಿ, ಪಟ್ಟಿಯಲ್ಲಿ ಗಣದ ಹೆಸರು,
ನಾಲ್ಕು ರೆಕ್ಕೆಯೂ ಒಂದೇ ಅಳತೆ ಅನ್ನೋ ಅರ್ಥದ್ದು.
ಶನಿವಾರ ಶನಿವಾರ ಉಜ್ಜಿದ್ದೇನೆ.
ಉಜ್ಜಿ ಉಜ್ಜಿ ಅರ್ಧ ಅಕ್ಷರ ನಾನೇ ಸವೆಸಿದ್ದೇನೆ.

"ಏನು ತಪ್ಪು ಮಾಡ್ತು ಮೇಡಂ?" ಅಂದೆ.
ನಮ್ಮಲ್ಲಿ ವರ್ಗಾವಣೆ ಅಂದರೆ
ಯಾರೋ ಯಾರ ಮೇಲೋ ಅರ್ಜಿ ಗುಜರಾಯಿಸಿರಬೇಕು.

ಮೇಡಂ ನಕ್ಕರು. ಕನ್ನಡಕ ತಲೆಗೇರಿಸಿ ಹೇಳಿದರು:
ಎಲ್ಲೋ ಚಳಿ ಬೆಟ್ಟದ ಕೊಳೆತ ದಿಮ್ಮಿಯೊಳಗೆ
ಮರ ತಿಂದೇ ಬದುಕೋ ಜಿರಳೆ ಇದೆಯಂತೆ,
ಮರಿಗಳನ್ನು ಮಗ್ಗುಲಲ್ಲೇ ಇಟ್ಟುಕೊಂಡು ಸಾಕುತ್ತದಂತೆ.
ಅದರ ಹೊಟ್ಟೆ ಬಗೆದು ನೋಡಿದರೆ
ಕೆಲವು ಗೆದ್ದಲ ಹೊಟ್ಟೆಯಲ್ಲಿರೋ ಅವೇ ಜೀವಾಣು,
ಬರಿಗಣ್ಣಿಗೆ ಕಾಣದವು, ಮರ ಅರಗಿಸಿ ಕೊಡೋವು.
ಆಮೇಲೆ ಎರಡರ ವಂಶವಾಹಿಯನ್ನೂ ಓದಿದರಂತೆ.
"ಗೆದ್ದಲು ಜಿರಳೆಯೇ ಕಣ್ರೀ. ಊರು ಕಟ್ಟಿಕೊಂಡ ಜಿರಳೆ."

ನಮ್ಮವ್ವನದು ಬೇರೆ ಲೆಕ್ಕ.
ಹುಳದಲ್ಲಿ ಮೂರೇ ಬಗೆ ಅವಳಿಗೆ:
ಹುರಿದು ತಿನ್ನೋದು,
ಹುರಿದರೂ ತಿನ್ನಬಾರದ್ದು,
ನಮ್ಮನ್ನೇ ತಿನ್ನೋದು.
ಸೀಗೆಗುಡ್ಡದ ಮಗ್ಗುಲಲ್ಲಿ ಮೊದಲ ಮಳೆ ಬಿದ್ದ ಸಂಜೆ
ನೆಲದ ತೂತಿನಿಂದ ಈಸಲು ಎದ್ದರೆ
ಲಾಟೀನು ಇಟ್ಟು, ಕೆಳಗೆ ನೀರಿನ ಬೋಗುಣಿ ಇಟ್ಟು,
ಬಿದ್ದವನ್ನು ಬಾಚಿ, ಮೊರದಲ್ಲಿ ರೆಕ್ಕೆ ತೂರಿ
ಹುರಿಗಡಲೆ ಜೊತೆ ಬಾಣಲೆಗೆ ಹಾಕೋಳು.
ಕೇರಿಯಾಚೆ ಹೇಳಬೇಡ ಅಂತಲೂ ಹೇಳೋಳು.
ಅದೇ ತೊಲೆಗೆ ಹತ್ತಿದರೆ ಹಿಡಿಶಾಪ.
ಇದನ್ನೂ ಮೇಡಂಗೆ ಹೇಳಿದೆ.
ಬರೆದುಕೊಂಡರು. ಯಾವ ಕಾಲಮ್ಮಿಗೋ ಗೊತ್ತಾಗಲಿಲ್ಲ.

ಬುಧವಾರ ನೂರ ಹನ್ನೊಂದು ಸೀಸೆ ಸಾಗಿಸಿದೆ.
ಆಲೂರು. ಗೊರೂರು ಹಿನ್ನೀರು. ಶಾಂತಿಗ್ರಾಮ, ಹೊಂಗೆ ಬುಡ.
ಸ್ಪಿರಿಟ್ಟಿನಲ್ಲಿ ನೆನೆದ ಚೀಟಿಯ ಇರುವೆಸಾಲು ಅಕ್ಷರ:
ಹಿಡಿದವರು, ತಾರೀಖು, ಹೆಸರಿಟ್ಟವರು.
ಕೆಲವರ ಹೆಸರಿಗೆ ಕಂಸ ಹಾಕಿತ್ತು. ಯಾಕೆ ಅಂದರೆ
ಅವರು ಸೇರಿಸಿದ ಕುಲದಲ್ಲಿ ಆ ಹುಳ ಈಗ ಇಲ್ಲವಂತೆ,
ಬೇರೆ ಕುಲಕ್ಕೆ ಹೋಯಿತಂತೆ.
ರೇಷನ್ ಕಾರ್ಡಿನಲ್ಲಿ ನನ್ನ ಹೆಸರಿನ ಬಾಲಕ್ಕೆ
ಕೋಂ ಬಿತ್ತಲ್ಲ, ಅಪ್ಪ ಕಾಣೆಯಾದನಲ್ಲ,
ಅದಕ್ಕಿಂತ ಇದು ವಾಸಿ.
ಕಂಸದೊಳಗಾದರೂ ಕೂತಿರುತ್ತಾನೆ.

ಒಂದು ಸೀಸೆಗೆ ಮಾತ್ರ ಕೆಂಪು ಚೀಟಿ.
ಮೇಡಂ ಅದನ್ನು ಎರಡೂ ಕೈಯಲ್ಲಿ ಇಸಕೊಂಡರು.
ಆ ಹೆಸರಿನ ಗೆದ್ದಲು ಲೋಕದಲ್ಲಿ ಎಷ್ಟೇ ಇರಲಿ
ಹೆಸರು ಕಟ್ಟಿರೋದು ಈ ಒಂದಕ್ಕೇ.
ಅನುಮಾನ ಬಂದವರು ಇದರ ಮುಂದೆ ಬಂದು ನಿಲ್ಲಬೇಕು.
ದೊಡ್ಡ ಮ್ಯೂಸಿಯಮ್ಮಿಗೆ ಕಳಿಸಬೇಕು ಅಂತ
ಇಪ್ಪತ್ತು ವರ್ಷದಿಂದ ಹೇಳುತ್ತಲೇ ಇದ್ದಾರೆ.
ಬಗ್ಗಿ ನೋಡಿದೆ. ಅಕ್ಕಿನುಚ್ಚಿನಷ್ಟಿದೆ. ತಲೆ ಕಂದು.
ಒಂದು ಮೀಸೆ ಮುರಿದಿದೆ.

ಬೀರು ಖಾಲಿ ಆದ ಮೇಲೆ ಒರೆಸೋಣ ಅಂತ ಕೈ ಹಾಕಿದರೆ
ಹಿಂಬದಿ ಹಲಗೆ ಕಾಗದದ ಹಾಗೆ ಮಡಚಿಕೊಂಡಿತು.
ಗೋಡೆಯಿಂದ ಮಣ್ಣಿನ ಕೊಳವೆ. ಒಳಗೆ ಬೆಳ್ಳಗೆ ಹರಿದಾಟ,
ಚೀಟಿ ಇಲ್ಲದವು, ಯಾವ ಸೀಸೆಯ ನಂಟೂ ಇಲ್ಲದವು.

ಮೇಡಂ ಬೈಯಲಿಲ್ಲ. ಇಕ್ಕಳ ತಂದರು.
ನಾಲ್ಕನ್ನು ಹಿಡಿದು ಹೊಸ ಸೀಸೆಗೆ ಬಿಟ್ಟು
ನಿಂತಲ್ಲೇ ಪೆನ್ಸಿಲ್ಲಿನಲ್ಲಿ ಬರೆದರು:
ಹಾಸನ. ಗೆದ್ದಲು ಬೀರುವಿನ ಬೆನ್ನು.
ಪ್ರಭೇದ: ನೋಡಬೇಕು.
ಹಿಡಿದವರು: ದ್ಯಾವೀರಮ್ಮ.
ಅಷ್ಟೇ. ಕೋಂ ಹಾಕಲಿಲ್ಲ.

ಚೀಟಿ ಒಣಗಲಿ ಅಂತ ಕಿಟಕಿಗಿಟ್ಟು
ಉಳಿದವಕ್ಕೆ ಸೀಮೆಎಣ್ಣೆ ತರಲು ಹೋದೆ.